ಮಾವ ತೆಗೆದ ದಿಮ್ಮಿ ಮನೆಯ ಫೋಟೋಗಳು

ಪಕ್ಕದ ಮನೆಯವರು ಹಳೆಯ ಬೇಲಿ ಕಿತ್ತು ಹೊಸದು ಹಾಕಿಸುತ್ತಿದ್ದಾರೆ. ಅಮೆರಿಕದ ನಮ್ಮ ಈ ಮಿಲ್ ಕ್ರೀಕ್ ಊರಿನಲ್ಲಿ ಬೇಲಿ ಎಂದರೆ ಆಳೆತ್ತರದ ಸೀಡರ್ ಮರದ ಹಲಗೆಗಳ ಸಾಲು. ಬೆಳಿಗ್ಗೆಯಿಂದ ಗರಗಸ ಕಿರ್ರೋ ಎನ್ನುತ್ತಿದೆ, ಕಿಟಕಿ ತೆಗೆದರೆ ಸಾಕು, ಕೊಯ್ದ ಮರದ ವಾಸನೆ ಒಳಕ್ಕೆ ನುಗ್ಗುತ್ತದೆ. ಎಷ್ಟು ಚೆನ್ನಾಗಿದೆ ಅಂತ ಎಲ್ಲರೂ ಮೂಗರಳಿಸುತ್ತಾರೆ. ನನಗೆ ಮಾತ್ರ ಮೊದಲು ಸೀನು ಬರುತ್ತದೆ, ಅದರ ಹಿಂದೆಯೇ ನಮ್ಮ ಮಾವನವರು ನೆನಪಿಗೆ ಬರುತ್ತಾರೆ. ಈ ಕ್ರಮ ಇವತ್ತಿನವರೆಗೂ ತಪ್ಪಿಲ್ಲ. ಅವರಿಗೆ ಇದನ್ನು ಹೇಳುವ ಧೈರ್ಯ ನನಗಿಲ್ಲ, ನೀವೂ ಹೇಳಬೇಡಿ.

ಮಾವ ಅಂದರೆ ನನ್ನ ಹೆಂಡತಿ ವಸುಧಾಳ ತಂದೆ. ತಿಪಟೂರಿನಲ್ಲಿ ಬಹಳ ಕಾಲ ಫೋಟೋ ಸ್ಟುಡಿಯೋ ನಡೆಸಿದವರು. ಆ ಊರಿನ ಅರ್ಧ ಜನರ ಮದುವೆ, ಮಿಕ್ಕರ್ಧ ಜನರ ಹಾಲ್ ಟಿಕೆಟ್ಟಿನ ಮುಖ ಅವರ ಕ್ಯಾಮೆರಾದಿಂದಲೇ ಹೊರಬಿದ್ದದ್ದು. "ಗದ್ದ ಸ್ವಲ್ಪ ಕೆಳಗೆ, ಹಾಂ, ಅಷ್ಟೇ, ಅಲ್ಲಾಡ್ಬೇಡಿ" ಎಂದು ಹೇಳಿ ಹೇಳಿ ಅವರ ಕಣ್ಣಿಗೆ ಅದೇ ಅಭ್ಯಾಸವಾಗಿ ಹೋಗಿತ್ತು. ಊಟಕ್ಕೆ ಕೂತಾಗಲೂ ನನ್ನ ಗದ್ದವನ್ನೇ ನೋಡುತ್ತಿದ್ದರು. ಇನ್ನು ಅಳಿಯ ಎಂಬ ಪ್ರಾಣಿಗೆ ನಮ್ಮ ಕಡೆ ಸಲ್ಲುವ ಮರ್ಯಾದೆ ನಿಮಗೆ ಗೊತ್ತೇ ಇದೆ. "ಅಳಿಯಂದ್ರಿಗೆ ಇನ್ನೊಂಚೂರು ತುಪ್ಪ ಹಾಕು", "ಅಳಿಯಂದ್ರು ಸುಸ್ತಾಗಿ ಬಂದವ್ರೆ, ಟೀವಿ ಸಣ್ಣಕ್ಕೆ ಮಾಡು" ಎಂದು ನಾನು ಎದುರಿಗೆ ಕೂತಿರುವಾಗಲೇ ಬೇರೆ ಯಾರದೋ ವಿಷಯ ಮಾತಾಡುವಂತೆ ಆಡುತ್ತಿದ್ದರು. ಹೀಗೆ ಹಗಲೆಲ್ಲ ಮರ್ಯಾದೆ ಸುರಿಯುವವರು ಏನಾದರೂ ಕೇಳಿದರೆ ಆಗಲ್ಲ ಎನ್ನುವುದಕ್ಕೆ ಬಾಯಿ ಬರುತ್ತದೆಯೇ? ನನ್ನ ಇಡೀ ದಾಂಪತ್ಯದಲ್ಲಿ ನನ್ನನ್ನು ಹೀಗೆ ಕಟ್ಟಿಹಾಕಿದವರು ಅವರೊಬ್ಬರೇ. ವಸು ಜೋರು ಮಾಡಿ ಸಾಧಿಸಲಾಗದ್ದನ್ನು ಅವಳಪ್ಪ ತುಪ್ಪ ಹಾಕಿಸಿ ಸಾಧಿಸುತ್ತಿದ್ದರು.

ಅವರು ನಮ್ಮಲ್ಲಿಗೆ ಬಂದದ್ದು ಈಗ್ಗೆ ಆರೇಳು ವರ್ಷದ ಹಿಂದೆ, ಒಂದು ವಸಂತದಲ್ಲಿ. ಅತ್ತೆಯವರು ಕಿರಿ ಮಗಳ ಬಾಣಂತನಕ್ಕೆ ನಿಂತಿದ್ದರಿಂದ ಇವರೊಬ್ಬರೇ ಬಂದರು. ಚಟ್ನಿಪುಡಿ, ಹಪ್ಪಳ ಎಲ್ಲ ದೊಡ್ಡ ಸೂಟ್‌ಕೇಸಿನಲ್ಲಿ, ಹಳೆಯ ಫಿಲ್ಮ್ ಕ್ಯಾಮೆರಾ ಮಾತ್ರ ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲೆ. ಬಂದ ಮೇಲೆ ಎಲ್ಲ ಅಪ್ಪಂದಿರ ಪಾಡೇ ಅವರದೂ ಆಯಿತು. ನಾವಿಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಬೀದಿಯಲ್ಲಿ ನರಪಿಳ್ಳೆ ಇಲ್ಲ. ವಾರಾಂತ್ಯದಲ್ಲಿ ಟಕ್ವಿಲಾದ ಮಾಲಿಗೆ ಕರೆದುಕೊಂಡು ಹೋದೆವು. ಆ ಕೊನೆಯಿಂದ ಈ ಕೊನೆಯವರೆಗೆ ನಡೆದು, ಬೆಂಚಿನ ಮೇಲೆ ಕೂತು, "ಇಷ್ಟೊಂದು ಜನ ಐತೆ, ಒಬ್ರಾದ್ರೂ ನಮಸ್ಕಾರ ಅನ್ನಲ್ವಲ್ಲ ಅಳಿಯಂದ್ರೆ" ಎಂದರು. ತಿಪಟೂರಿನಲ್ಲಿ ತರಕಾರಿಗೆ ಹೋದರೆ ನಮಸ್ಕಾರ ಮುಗಿಯುವ ಹೊತ್ತಿಗೆ ಸೊಪ್ಪು ಬಾಡುತ್ತಿತ್ತಂತೆ. ಪಾಪ, ಅನಿಸಿತು. ಮರುದಿನದಿಂದ ನಾರ್ತ್ ಕ್ರೀಕಿನ ನನ್ನ ಆಫೀಸಿಗೆ ಹೋಗುವ ದಾರಿಯಲ್ಲಿ ಅವರನ್ನು ಲೈಬ್ರರಿಯಲ್ಲಿ ಇಳಿಸತೊಡಗಿದೆ.

ಆ ಲೈಬ್ರರಿಯ ಗೋಡೆಯ ಮೇಲೆ ಆಗ ಹಳೆಯ ಫೋಟೋಗಳ ಪ್ರದರ್ಶನವಿತ್ತು. ಈ ಸೀಮೆಗೆ ಮೊದಮೊದಲು ಬಿಳಿಯರು ಬಂದು ಕಾಡು ಕಡಿದು ನೆಲೆ ನಿಂತಾಗಿನವು: ಮನೆಯಗಲದ ಸೀಡರ್ ಬುಡಗಳು, ಅವುಗಳ ಮೇಲೆ ಹತ್ತಿ ನಿಂತ ಗಡ್ಡದವರು, ದಿಮ್ಮಿ ಪೇರಿಸಿ ಕಟ್ಟಿದ ಮನೆಗಳು, ಅರ್ಧ ಎದ್ದ ಗೋಡೆ, ಸೀಳಿ ಒಟ್ಟಿದ ಮರದ ಹೆಂಚು. ಮಾವನವರು ದಿನವೂ ಗಾಜಿಗೆ ಮೂಗು ಹಚ್ಚಿ ಅವನ್ನೇ ನೋಡುತ್ತಿದ್ದರಂತೆ. ಒಂದು ಸಂಜೆ ಕರೆದುಕೊಂಡು ಬರಲು ಹೋದಾಗ ನನ್ನನ್ನೂ ಎಳೆದು ನಿಲ್ಲಿಸಿದರು. "ಇಲ್ನೋಡಿ ಅಳಿಯಂದ್ರೆ, ಎಲ್ರೂ ನೆಟ್ಟಗೆ ಬಂದವ್ರೆ, ನಾಯಿ ಬಾಲ ಒಂದು ಕದ್ಲೈತೆ. ಮನುಷ್ಯರಿಗೆ ಅಲ್ಲಾಡ್ಬೇಡಿ ಅನ್ಬೋದು, ನಾಯಿಗೇನ್ ಹೇಳ್ತಾನೆ ಪಾಪ!" ಎಂದು ನೂರು ವರ್ಷದ ಹಿಂದಿನ ಆ ಫೋಟೋಗ್ರಾಫರನ ಕಷ್ಟಕ್ಕೆ ಲೊಚಗುಟ್ಟಿದರು.

ನಮ್ಮ ಹಿಂದೆ ಬೆಳ್ಳಿಕೂದಲಿನ ಹೆಂಗಸೊಬ್ಬರು ನಿಂತಿದ್ದರು. ಹೆಸರು ಕ್ಯಾರಲ್, ನಿವೃತ್ತ ಶಾಲಾ ಟೀಚರು. ಆ ಪ್ರದರ್ಶನ ಜೋಡಿಸಿದವರೇ ಅವರು. ಮಾವ ಏನಂದರು ಎಂದು ಕೇಳಿದರು. ನಾಯಿಬಾಲದ ವಿಷಯ ಹೇಳಿದೆ. ಆಕೆ ನಕ್ಕರು. ಇವರಿಗೆ ಫಿಲ್ಮ್ ಕ್ಯಾಮೆರಾ ಬರುತ್ತದೆಯೇ ಎಂದು ಮುಂದಿನ ಪ್ರಶ್ನೆ. ಬರುತ್ತದೆಯೇ! ಅದನ್ನು ಕನ್ನಡಕ್ಕೆ ತಿರುಗಿಸುವುದಕ್ಕೇ ನನಗೆ ಸಂಕೋಚವಾಯಿತು.

ಕ್ಯಾರಲ್ ಹೇಳಿದ್ದು ಇಷ್ಟು. ಅವರ ಅಜ್ಜಿಯ ತೋಟದ ಮನೆ ನಮ್ಮಲ್ಲಿಂದ ಸ್ವಲ್ಪ ದೂರದಲ್ಲಿತ್ತು. ಜಮೀನು ಎಂದೋ ಕೈಬಿಟ್ಟು ಹೋಗಿ ಈಗ ಅಲ್ಲಿ ಹೊಸ ಬಡಾವಣೆ ಬರುತ್ತಿದೆ. (ನಮ್ಮಂಥವರಿಗಾಗಿಯೇ, ನನ್ನ ಟೀಮಿನವನೊಬ್ಬ ಅಲ್ಲಿ ಆಗಲೇ ಸೈಟು ಹಿಡಿದಿದ್ದ.) ಮನೆ ಕೆಡವಲು ಹೊರಗಿನ ಹಲಗೆ ಕಿತ್ತರೆ, ಅಡುಗೆಮನೆಯ ಭಾಗದಲ್ಲಿ ಹಲಗೆಯ ಹಿಂದೆ ಇಡೀ ಒಂದು ದಿಮ್ಮಿ ಮನೆ! ಮುತ್ತಜ್ಜ ಕೊಡಲಿಯಲ್ಲಿ ಕೆತ್ತಿ ಕಟ್ಟಿದ ಮೊದಲ ಮನೆ ಅದು. ಆಮೇಲಿನವರು ಅದನ್ನು ಕೆಡವದೆ ಸುತ್ತ ಮನೆ ಬೆಳೆಸಿಕೊಂಡು ಹೋಗಿದ್ದರು. "ಅಜ್ಜಿ ಅಲ್ಲೇ ನನಗೆ ಬ್ರೆಡ್ ಸುಟ್ಟು ಕೊಡ್ತಿದ್ರು. ಗೋಡೆ ಯಾಕಿಷ್ಟು ದಪ್ಪ ಅಂತ ನಾವು ಯಾರೂ ಕೇಳಲೇ ಇಲ್ಲ" ಎಂದರು ಕ್ಯಾರಲ್. ಅವರ ಇಂಗ್ಲಿಷನ್ನು ನಾನು ಹೀಗೆ ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ, ಮನ್ನಿಸಬೇಕು.

ಬಡಾವಣೆಯವರು ದಿಮ್ಮಿಗಳನ್ನು ಬಿಚ್ಚಿ ಒಯ್ಯುವುದಾದರೆ ಒಯ್ಯಿರಿ ಎಂದಿದ್ದರು. ಊರಿನ ಪಾರ್ಕಿನವರು ಒಂದು ಮೂಲೆಯಲ್ಲಿ ಜಾಗ ಕೊಡಲು ಒಪ್ಪಿದ್ದರು, ಆದರೆ ಶರತ್ಕಾಲದ ಮಳೆ ಹಿಡಿಯುವುದರೊಳಗೆ ಗೋಡೆ ಏಳಬೇಕು, ಏಳದಿದ್ದರೆ ಆ ಜಾಗ ಕಾರು ನಿಲ್ಲಿಸುವುದಕ್ಕೆ. ಕ್ಯಾರಲ್ ಮತ್ತು ಅವರಂಥ ನಾಲ್ಕಾರು ಹವ್ಯಾಸಿಗಳು ಸೇರಿ ಮನೆ ಬಿಚ್ಚಿ ಮತ್ತೆ ಕಟ್ಟುವುದೆಂದು ನಿಶ್ಚಯಿಸಿದ್ದರು. ಬಿಚ್ಚುವ ಮೊದಲು ಪ್ರತಿ ದಿಮ್ಮಿ, ಪ್ರತಿ ಮೂಲೆಯ ಫೋಟೋ ಆಗಬೇಕು. ಇಂಥ ದಾಖಲೆಗೆ ಫಿಲ್ಮೇ ಮೇಲು ಅನ್ನುವವರು ಆಗಿನ್ನೂ ಇದ್ದರು. ಫೋಟೋ ತೆಗೆದುಕೊಡುತ್ತೀರಾ ಎಂದು ಕೇಳಿದರು. ನಾನು ಅನುವಾದಿಸುವ ಮೊದಲೇ ಮಾವನವರು ತಲೆಯಾಡಿಸಿಬಿಟ್ಟಿದ್ದರು.

ಹೋದದ್ದು ಒಂದು ಶನಿವಾರ. ತುಂತುರು ಮಳೆ. ಸುತ್ತಲಿನ ಕೊಠಡಿಗಳನ್ನೆಲ್ಲ ಕೆಡವಿ ಆಗಿತ್ತು, ನಡುವೆ ದಿಮ್ಮಿ ಮನೆಯೊಂದೇ ಉಳಿದಿತ್ತು. ನಾಲ್ಕೂ ಕಡೆ ಬ್ಲ್ಯಾಕ್‌ಬೆರಿ ಮುಳ್ಳು ಎದೆಮಟ್ಟ ಬೆಳೆದು, ಗೋಡೆಯ ಪಕ್ಕ ಒಬ್ಬರು ನಡೆಯುವಷ್ಟು ಜಾಗ ಮಾತ್ರ ಸವರಿದ್ದರು. ಹಿಂದೆ ಸರಿದು ಇಡೀ ಮನೆಯನ್ನು ಹಿಡಿಯುವಂತಿಲ್ಲ. ಗೋಡೆಯ ಎದುರು ನಿಂತು ತುಂಡುತುಂಡಾಗಿ ತೆಗೆಯಬೇಕು. ಕ್ಯಾರಲ್ ಹೇಳಿದ್ದು ಒಂದೇ ಮಾತು: "ಬಾಗಿಲಿರೋ ಗೋಡೆ ಒಂದನೇದು. ಅಲ್ಲಿಂದ ಶುರು ಮಾಡಿ ಸುತ್ತ ಬನ್ನಿ."

ಸುತ್ತ ಬಂದೆವು. ಮಾವ ಕ್ಯಾಮೆರಾ ಹಿಡಿದು ಮುಂದೆ, ಕಪ್ಪುಬಿಳಿ ಪಟ್ಟೆಯ ಅಳತೆಕೋಲು ಒಂದು ಕೈಯಲ್ಲಿ, ಟಾರ್ಚು ಇನ್ನೊಂದು ಕೈಯಲ್ಲಿ ಹಿಡಿದು ನಾನು ಹಿಂದೆ. ನನ್ನ ಜೀವಮಾನದಲ್ಲಿ ಮನೆ ಕಟ್ಟುವ ಕೆಲಸಕ್ಕೆ ಅಷ್ಟು ಹತ್ತಿರ ಹೋದದ್ದು ಅದೇ ಮೊದಲು. ನಮ್ಮ ಮನೆಯ ಟೀವಿಯನ್ನು ಗೋಡೆಗೆ ಹಾಕಲು ಹೋಗಿ ಗೋಡೆಯನ್ನು ಜರಡಿ ಮಾಡಿದವನು ನಾನು. ಆ ತೂತುಗಳ ಮೇಲೆ ಈಗಲೂ ವಸು ಒಂದು ಕ್ಯಾಲೆಂಡರ್ ನೇತುಹಾಕಿದ್ದಾಳೆ. ಮಾವ ನನ್ನ ಕೈ ತಿದ್ದಿದರು. "ಟಾರ್ಚು ಎದುರಿಗೆ ಬಿಡ್ಬೇಡಿ, ಚಪ್ಪಟೆ ಆಗೋಯ್ತದೆ. ಪಕ್ಕದಿಂದ ಓರೆಗೆ ಬಿಡಿ. ಹಾಂ! ನೋಡಿ, ನೋಡಿ!" ನಿಜವಾಗಿಯೂ, ಬೆಳಕು ಓರೆಯಾಗುತ್ತಲೇ ಬೂದುಬಣ್ಣದ ಆ ಮರದ ಮೇಲೆ ಕೊಡಲಿಯ ಒಂದೊಂದು ಏಟೂ ಎದ್ದು ಕಂಡಿತು. ದುಂಡನೆಯ ಮರವನ್ನು ಎರಡು ಮಗ್ಗುಲು ಕೆತ್ತಿ ಚಪ್ಪಟೆ ಮಾಡಿದ್ದರು. ದಿಮ್ಮಿಗಳ ನಡುವಿನ ಸಂದಿಗೆ ಪಾಚಿಯನ್ನು ಜೇಡಿಮಣ್ಣಿನಲ್ಲಿ ಕಲಸಿ ಮೆತ್ತಿದ್ದರು. ಒಂದು ಕಡೆ ಮಣ್ಣಿನಲ್ಲಿ ಬೆರಳಚ್ಚು ಹಾಗೇ ಉಳಿದಿತ್ತು.

ಮೂಲೆಯ ಹತ್ತಿರ ಮಾವ ಕ್ಯಾಮೆರಾ ಇಳಿಸಿ ಮರದ ಮೇಲೆ ಕೈಯಾಡಿಸಿದರು. ದಿಮ್ಮಿಯ ತುದಿಯನ್ನು ಇಳಿಜಾರಾಗಿ ಕಚ್ಚು ಹೊಡೆದು, ಅದರ ಮೇಲೆ ಅಡ್ಡ ಬರುವ ದಿಮ್ಮಿಗೂ ಸರಿಯಾಗಿ ಅದೇ ಇಳಿಜಾರು ಕೊಟ್ಟು, ಒಂದರೊಳಗೊಂದು ಕೂರಿಸುತ್ತ ಮೇಲಿನವರೆಗೂ ಹೋಗಿದ್ದರು. "ಮೊಳೆನೇ ಇಲ್ವಲ್ಲ ಅಳಿಯಂದ್ರೆ! ಒಂದನ್ನೊಂದು ಕಚ್ಕೊಂಡು ಕೂತವೆ!" ಎಂದರು. ಮೇಲಿನ ಭಾರ ಬಿದ್ದಷ್ಟೂ ಬಿಗಿಯಾಗುತ್ತದೆ, ಒಂದು ಕಚ್ಚು ಇನ್ನೊಂದಕ್ಕೆ ಆಗಿಬರುವುದಿಲ್ಲ, ಪ್ರತಿಯೊಂದೂ ಅದರದರ ಜೊತೆಗೆ ಮಾತ್ರ ಎಂದು ಕ್ಯಾರಲ್ ವಿವರಿಸಿದರು. ನಾನು ಆ ಹೊತ್ತಿಗೆ ಸರಿಯಾಗಿ ಸೀನಿದೆ. ಟಾರ್ಚು ಕುಣಿಯಿತು. "ಅಳಿಯಂದ್ರು ಸೀನಿ ಮುಗಿಸ್ಕೊಳ್ಲಿ, ಆಮೇಲೆ ತೆಗ್ಯಾಣ" ಎಂದು ಮಾವ ಮುಳ್ಳುಗಿಡಕ್ಕೆ ಹೇಳಿದರು. ನಾನು ಆ ದಿನ ಸೀನಿ ಮುಗಿಸಿಕೊಳ್ಳಲೇ ಇಲ್ಲ.

ಫೋಟೋಗಳು ಬಂದವು. ದೊಡ್ಡ ದೊಡ್ಡ ಪ್ರಿಂಟುಗಳು. ಪ್ರತಿಯೊಂದರ ಬೆನ್ನಿಗೂ ನಾನೇ ಕೂತು ಗೋಡೆ ಒಂದು, ಗೋಡೆ ಎರಡು ಎಂದು, ಕೆಳಗಿನಿಂದ ಎಷ್ಟನೆಯ ದಿಮ್ಮಿ ಎಂದು ಬರೆದೆ. ಗಂಟುಗಳು, ಬಿರುಕುಗಳು, ಕೊಡಲಿಯ ಗೆರೆಗಳು, ಎಲ್ಲವೂ ನಿನ್ನೆ ಕೆತ್ತಿದಷ್ಟು ಸ್ಪಷ್ಟ. ಕ್ಯಾರಲ್ ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಮಾವನ ಕೈ ಕುಲುಕಿದರು. ಮಾವ ಆ ವಾರವೆಲ್ಲ ಉಬ್ಬಿ ಓಡಾಡಿದರು. ಅಮೆರಿಕ ಅಷ್ಟೇನೂ ಕೆಟ್ಟ ದೇಶವಲ್ಲ ಎಂದು ಅತ್ತೆಯವರಿಗೆ ಫೋನಿನಲ್ಲಿ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದೆ.

ಬೇಸಿಗೆಯಲ್ಲಿ ಮನೆ ಬಿಚ್ಚಿದರು. ಪ್ರತಿ ದಿಮ್ಮಿಗೂ ಒಂದು ಗುರುತಿನ ಚೀಟಿ ಹೊಡೆದು ಪಾರ್ಕಿಗೆ ಸಾಗಿಸಿದರು. ಅಲ್ಲಿ ಯಾರೋ ಉತ್ಸಾಹಿ ಸ್ವಯಂಸೇವಕರು ಪಾಚಿ ಹೋಗಲಿ ಎಂದು ಪಂಪಿನ ನೀರು ಬಿಟ್ಟು ತೊಳೆಯುವಾಗ ಪಾಚಿಯ ಜೊತೆ ಚೀಟಿಗಳೂ ಹೋದವು. ಕ್ಯಾರಲ್ ಗಾಬರಿಯಾಗಲಿಲ್ಲ. "ಫೋಟೋ ಇವೆಯಲ್ಲ" ಎಂದರು. ಗಂಟು, ಗೆರೆ ಹೋಲಿಸಿ ಯಾವ ದಿಮ್ಮಿ ಯಾವ ಗೋಡೆಯದೆಂದು ಅವರೆಲ್ಲ ಕೂತು ವಿಂಗಡಿಸಿದರು. ಅಷ್ಟಾಗುವ ಹೊತ್ತಿಗೆ ಸೆಪ್ಟೆಂಬರ್. ಮಾವ ಊರಿಗೆ ಹೊರಡುವ ದಿನವೂ ಹತ್ತಿರ ಬಂದಿತ್ತು.

ಗೋಡೆ ಏಳಿಸುವ ಶನಿವಾರ ನಾವು ಮೂವರೂ ಹೋದೆವು. ಮಾವ ಇಸ್ತ್ರಿ ಮಾಡಿದ ಪ್ಯಾಂಟು, ಮೇಲೊಂದು ಸ್ವೆಟರು, ಕೊರಳಲ್ಲಿ ಕ್ಯಾಮೆರಾ. ಮದುವೆಮನೆಗೆ ಹೊರಟವರ ಹಾಗಿದ್ದರು. ಅಲ್ಲಿ ಡೇಲ್ ಎಂಬ ಬಡಗಿಯದು ಮೇಸ್ತ್ರಿಕೆ. ಸಣ್ಣ ಕ್ರೇನು ತಂದಿದ್ದರು. ಬಾಗಿಲ ಗೋಡೆಯ ಬುಡದ ದಿಮ್ಮಿ ಕಲ್ಲಿನ ಮೇಲೆ ಕೂತಿತು, ಎದುರು ಗೋಡೆಯದೂ ಕೂತಿತು. ಪಕ್ಕದ ಗೋಡೆಯ ದಿಮ್ಮಿಯನ್ನು ಅಡ್ಡ ಇಳಿಸಿದರು. ಮೂಲೆಯಲ್ಲಿ ಅಂಗೈ ಹೋಗುವಷ್ಟು ಸಂದು. ತಿರುಗಿಸಿ ಇಳಿಸಿದರು, ಇನ್ನೂ ಹೆಚ್ಚು. ಇನ್ನೊಂದು ಪಕ್ಕದ ಗೋಡೆಯದನ್ನು ಆ ಪಕ್ಕದಲ್ಲಿ ಇಳಿಸಿದರು, ಅದೂ ಅಷ್ಟೇ. ಅಕ್ಕಪಕ್ಕದ ಎರಡೂ ಗೋಡೆ ಕಿಟಕಿಯಿಲ್ಲದ ಕುರುಡು ಗೋಡೆಗಳು, ಉದ್ದವೂ ಒಂದೇ. ಆದರೆ ಒಂದಾದರೂ ಕೂರಬೇಡವೇ? ಮಧ್ಯಾಹ್ನದವರೆಗೂ ಎತ್ತಿದರು, ಇಳಿಸಿದರು.

ಆಮೇಲೆ ಡೇಲ್ ಒಂದು ಪ್ರಿಂಟನ್ನು ಕೈಗೆ ತೆಗೆದುಕೊಂಡು ಆಕಾಶಕ್ಕೆ ಹಿಡಿದ, ಅದನ್ನು ಮಗುಚಿ ಬೆನ್ನಿನ ಕಡೆಯಿಂದ ಬೆಳಕಿಗೆ ನೋಡಿದ. ಕ್ಯಾರಲ್ ಕಿವಿಯಲ್ಲಿ ಏನೋ ಅಂದ. ಫೋಟೋಗಳು ಉಲ್ಟಾ ಪ್ರಿಂಟಾಗಿವೆ ಎಂದು ಅವನ ಅನುಮಾನ. ಇದನ್ನು ಹೇಗೆ ಅನುವಾದಿಸುವುದಪ್ಪಾ ಎಂದು ನಾನು ಒದ್ದಾಡುತ್ತಿದ್ದೆ. ಅನುವಾದ ಬೇಕಿರಲಿಲ್ಲ. ಪ್ರಿಂಟನ್ನು ಹಾಗೆ ಮಗುಚಿ ನೋಡುವುದರ ಅರ್ಥವೇನೆಂದು ಮಾವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವರ ಮುಖ ಕೆಂಪಗಾಯಿತು.

ಇಲ್ಲಿ ನಿಮಗೊಂದು ಹಳೆಯ ಸಂಗತಿ ಹೇಳಲೇಬೇಕು. ವಸು ಹುಟ್ಟುವ ಮೊದಲು, ಮಾವನ ಸ್ಟುಡಿಯೋದ ಸಹಾಯಕನೊಬ್ಬ ಡಾರ್ಕ್ ರೂಮಿನಲ್ಲಿ ನೆಗೆಟಿವ್ ತಿರುವಿ ಹಾಕಿ ಒಂದು ಮದುವೆಯ ಫೋಟೋಗಳನ್ನೆಲ್ಲ ಉಲ್ಟಾ ಪ್ರಿಂಟ್ ಮಾಡಿಬಿಟ್ಟಿದ್ದ. ಮದುಮಗಳ ಸೆರಗು ಬಲಹೆಗಲಿಗೆ, ಪುರೋಹಿತರ ಜನಿವಾರವೂ ಬಲಹೆಗಲಿಗೆ. ಜನಿವಾರ ಹಾಗೆ ಹಾಕಿಕೊಳ್ಳುವುದು ತಿಥಿಯಲ್ಲಿ! ಎರಡೂ ಕಡೆಯ ಬೀಗರು ಸ್ಟುಡಿಯೋಕ್ಕೆ ನುಗ್ಗಿ ರಂಪ ಮಾಡಿದರು. ಬಹಳ ವರ್ಷಗಳವರೆಗೆ ತಿಪಟೂರಿನಲ್ಲಿ ಅವರನ್ನು ಉಲ್ಟಾ ಫೋಟೋದವರು ಎಂದೇ ಕರೆಯುತ್ತಿದ್ದರಂತೆ. ಆ ಹೆಸರು ಅಳಿಸುವುದಕ್ಕೆ ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಈಗ ಏಳು ಸಮುದ್ರ ದಾಟಿ ಬಂದು, ಮೊದಲ ಸಲ ಇಲ್ಲಿ ಒಬ್ಬರು ಕೈ ಕುಲುಕಿ ಮೆಚ್ಚಿದ ಕೆಲಸದ ಮೇಲೆ ಮತ್ತೆ ಅದೇ ಮಾತು.

"ಉಲ್ಟಾ ಅಲ್ಲ ಅಂತ ಹೇಳಿ ಅವ್ರಿಗೆ" ಎಂದರು ಮಾವ. ಚೀಲದಿಂದ ಒಂದು ಪ್ರಿಂಟು ಹುಡುಕಿ ತೆಗೆದರು. ಅಳತೆಕೋಲು ಹಿಡಿದ ನಾನು ಅರ್ಧ ಅದರೊಳಗೆ ಬಂದಿದ್ದೆ, ಸೀನುವ ಮೊದಲಿನ ಮುಖ ಮಾಡಿಕೊಂಡು. "ಇವರ ಅಂಗಿ ಜೇಬು ನೋಡ್ಲಿ. ಎಡಕ್ಕೈತೆ. ಪೆನ್ನೂ ಐತೆ. ಉಲ್ಟಾ ಆಗಿದ್ರೆ ಬಲಕ್ಕೆ ಬರ್ಬೇಕಿತ್ತು." ಡೇಲ್ ನೋಡಿದ. ಒಳ್ಳೆಯ ಮನುಷ್ಯ, ತಕ್ಷಣ ತಪ್ಪಾಯಿತು ಎಂದು ಒಪ್ಪಿಕೊಂಡ. ಆದರೆ ಅಷ್ಟಕ್ಕೆ ನಿಲ್ಲಲಿಲ್ಲ. "ಹಾಗಾದರೆ ಫೋಟೋ ಸರಿ ಇವೆ, ಮನೆ ಮಾತ್ರ ಕೂರುತ್ತಿಲ್ಲ. ಸೋಮವಾರ ಪಾರ್ಕಿನವರಿಗೆ ಏನಾದರೂ ಹೇಳಲೇಬೇಕು" ಎಂದ. ದಿಮ್ಮಿಗಳಿಂದ ಒಂದೆರಡು ಬೆಂಚು ಮಾಡಬಹುದು ಎಂದೂ ಸೇರಿಸಿದ. ಕ್ಯಾರಲ್ ಒದ್ದೆ ಹುಲ್ಲಿನ ಮೇಲೆ ಮಲಗಿದ್ದ ಆ ದಿಮ್ಮಿಗಳಲ್ಲೇ ಒಂದರ ಮೇಲೆ ಕೂತು ಬೇರೆ ಕಡೆ ಮುಖ ತಿರುಗಿಸಿಕೊಂಡರು.

ಮನೆಗೆ ಬಂದರೆ ಮಾವನಿಗೆ ಕಾಫಿ ಬೇಡ, ಏನೂ ಬೇಡ. ಪ್ರಿಂಟುಗಳನ್ನು ಹಾಲಿನ ಕಾರ್ಪೆಟ್ಟಿನ ಮೇಲೆ ಹರಡಿಕೊಂಡು ಕೂತರು. ವಸು ಹತ್ತಿರ ಹೋಗಿ, "ಅಪ್ಪಾ, ನೀನು ಕರೆಕ್ಟಾಗೇ ತೆಗ್ದಿದೀಯ ಬಿಡು. ಅವ್ರೇ ಏನೋ ಮಿಕ್ಸ್ ಮಾಡ್ಕೊಂಡಿದಾರೆ" ಎಂದಳು.

"ಕರೆಕ್ಟಾಗಿದ್ರೆ ಕೂರ್ಬೇಕಿತ್ತಲ್ಲಮ್ಮ" ಎಂದರು ಅವರು.

ನನಗೆ ಅವರ ಮುಖ ನೋಡಲಾಗಲಿಲ್ಲ. ಇಷ್ಟಕ್ಕೂ ಬೇರೆಯವರು ಮಾಡಿದ ತಪ್ಪು ಹುಡುಕಿ ತೆಗೆಯುವುದೇ ನನ್ನ ಉದ್ಯೋಗ. ಸಾಫ್ಟ್‌ವೇರ್ ಟೆಸ್ಟರು ನಾನು. ನಾನೂ ಅವರ ಪಕ್ಕ ಕೂತು ಪ್ರಿಂಟುಗಳನ್ನು ತಿರುಗಿಸಿ ಮುರುಗಿಸಿ ನೋಡಿದೆ. ನನಗೆ ಕಂಡದ್ದು ನನ್ನ ಸೀನಿನ ಮುಖವೊಂದೇ.

ಮರುದಿನ ಭಾನುವಾರ ಕ್ಯಾರಲ್ ಫೋನ್ ಮಾಡಿದರು. ಮಾವನವರಿಗೆ ಅವಮಾನವಾಯಿತಲ್ಲ, ಎದುರಿಗೇ ಬಂದು ಕ್ಷಮೆ ಕೇಳಬೇಕು ಅಂದರು. ನಾವು ದೇವಸ್ಥಾನಕ್ಕೆ ಹೊರಟಿದ್ದೆವು. ವಸು ಹಿಂದೆಮುಂದೆ ನೋಡದೆ, "ಅಲ್ಲಿಗೇ ಬನ್ನಿ, ಊಟ ಇರುತ್ತೆ" ಎಂದುಬಿಟ್ಟಳು. ಆಕೆ ಬಂದರು. ಬೂಟು ಬಿಚ್ಚಲು ಗೋಡೆ ಹಿಡಿದುಕೊಂಡು ಬಹಳ ಹೊತ್ತು ತೆಗೆದುಕೊಂಡರು. ಮಾವ ದೂರದಿಂದಲೇ ಕೈಮುಗಿದರು. ನೇರ ಹೋಗಿ ಗಣಪತಿಯ ಮುಂದೆ ಕಣ್ಣು ಮುಚ್ಚಿ ನಿಂತರು. ಅವರು ಏನು ಕೇಳಿಕೊಳ್ಳುತ್ತಿದ್ದರೆಂದು ನನಗೆ ಗೊತ್ತಿತ್ತು. ನಾನೂ ಅದನ್ನೇ ಕೇಳಿಕೊಂಡೆ.

ಕ್ಯಾರಲ್ ಅಷ್ಟರಲ್ಲಿ ನವಗ್ರಹದ ಹತ್ತಿರ ಹೋಗಿದ್ದರು. ಒಂದೊಂದು ವಿಗ್ರಹದ ಮುಖ ನೋಡುತ್ತಾ, ಬಲಕ್ಕೆ ಬಲಕ್ಕೆ ಸರಿಯುತ್ತಾ ಸುತ್ತತೊಡಗಿದರು. ಮಾವ ಕಣ್ಣು ಬಿಟ್ಟವರು ಅದನ್ನು ಕಂಡು, ಸಿಟ್ಟು ದುಃಖ ಎಲ್ಲ ಮರೆತು ಓಡಿದರು.

"ಅಯ್ಯಯ್ಯೋ! ಆ ಕಡೆಯಿಂದಲ್ಲಮ್ಮಾ! ಈ ಕಡೆ, ಈ ಕಡೆ!" ಎಂದು ಎರಡೂ ಕೈ ಬೀಸಿ ಆಕೆಯನ್ನು ಹಿಂದಕ್ಕೆ ತಿರುಗಿಸಿದರು.

ಕ್ಯಾರಲ್ ಹೆದರಿ ನನ್ನನ್ನು ನೋಡಿದರು. ನಾನು ಸಮಾಧಾನ ಹೇಳುತ್ತಾ, "ಏನಿಲ್ಲ, ನಾವು ಯಾವಾಗಲೂ ದೇವರನ್ನು ಬಲಗೈ ಕಡೆ ಇಟ್ಟುಕೊಂಡು ಸುತ್ತುತ್ತೇವೆ" ಎಂದೆ. "ಯಾವಾಗಲೂ?" ಎಂದರು ಆಕೆ. "ಯಾವಾಗಲೂ" ಎಂದೆ.

"ಏನಂತೆ?" ಎಂದರು ಮಾವ.

"ಯಾವಾಗ್ಲೂ ಈ ಕಡೆಯಿಂದಾನೇ ಸುತ್ತೋದಾ ಅಂತ ಕೇಳ್ತಿದಾರೆ."

"ಇನ್ನೇನ್ ಮತ್ತೆ? ಎಡಕ್ಕಿಟ್ಕೊಂಡು ಸುತ್ತಕ್ಕೆ ಇಲ್ಲೇನು ಹೆಣ ಮಲ್ಗೈತಾ?"

ಇದನ್ನು ಸ್ವಲ್ಪ ನಯಮಾಡಿ ಇಂಗ್ಲಿಷಿಗೆ ತರುವುದು ಹೇಗೆ ಎಂದು ನಾನು ಯೋಚಿಸುತ್ತಿರುವಾಗ ಕ್ಯಾರಲ್ ನನ್ನ ತೋಳು ಹಿಡಿದರು. ಬಿಗಿಯಾಗಿ ಹಿಡಿದರು. "ಅವರನ್ನು ಕೇಳು. ಫೋಟೋ ತೆಗೆದ ದಿನ, ಬಾಗಿಲಿನಿಂದ ಯಾವ ಕಡೆಗೆ ಹೋದರು?"

ಕೇಳಬೇಕಿರಲಿಲ್ಲ. ಕೋಲು, ಟಾರ್ಚು ಹಿಡಿದು ಹಿಂದೆಯೇ ಹೋದವನು ನಾನಲ್ಲವೇ? ಆ ಗೋಡೆ ದಿನವಿಡೀ ನನ್ನ ಬಲಭುಜಕ್ಕೆ ಉಜ್ಜುತ್ತಿತ್ತು, ಮುಳ್ಳು ಎಡಗೈಯನ್ನು ಪರಚುತ್ತಿತ್ತು. ಆದರೂ ಕೇಳಿದೆ. ಮಾವ ನನ್ನನ್ನು ಮಂಕನನ್ನು ನೋಡುವಂತೆ ನೋಡಿದರು. "ಇದೇನ್ ಕೇಳ್ತೀರಾ ಅಳಿಯಂದ್ರೆ? ಗುಡಿಯಾದ್ರೇನು ಮನೆಯಾದ್ರೇನು, ಹೊಸ್ಲು ಇರೋದನ್ನ ಬಲಕ್ಕಿಟ್ಕೊಂಡೇ ಸುತ್ತೋದು. ಅವ್ರ ಹಿರೀಕರು ಬಾಳಿದ ಮನೆ ಅಲ್ವಾ? ಅಪ್ರದಕ್ಷಿಣೆ ಬರಕ್ಕಾಗ್ತದಾ?"

ಇಷ್ಟೇ ಆಗಿದ್ದದ್ದು. ಕ್ಯಾರಲ್ ಕಡೆಯವರು ಮನೆಯನ್ನು ಓದುವುದು ಪುಸ್ತಕ ಓದಿದ ಹಾಗೆ: ಗೋಡೆಗೆ ಮುಖ ಮಾಡಿ ನಿಂತು ಎಡದಿಂದ ಬಲಕ್ಕೆ ಸರಿಯುವುದು. ಅವರ ಎರಡನೆಯ ಗೋಡೆ ಬಾಗಿಲಿನ ಬಲಕ್ಕಿರುವುದು. ನಾವು ಹೊರಟದ್ದು ಎಡಕ್ಕೆ. ನಮ್ಮ ಎರಡು ಅವರ ನಾಲ್ಕು, ನಮ್ಮ ನಾಲ್ಕು ಅವರ ಎರಡು. ಬಾಗಿಲ ಗೋಡೆ, ಹಿಂದಿನ ಗೋಡೆ ಎರಡೂ ಸರಿಯಾಗೇ ಬಿದ್ದು, ಅಕ್ಕಪಕ್ಕದವು ಮಾತ್ರ ಅದಲುಬದಲಾಗಿದ್ದವು. ಸುತ್ತ ಬನ್ನಿ ಎಂದವರಿಗೂ, ಸುತ್ತ ಬಂದವರಿಗೂ ಸುತ್ತುವುದಕ್ಕೆ ಇನ್ನೊಂದು ಕಡೆಯಿದೆ ಎಂಬುದೇ ಹೊಳೆದಿರಲಿಲ್ಲ.

ನಾನು ವಿವರಿಸಿ ಮುಗಿಸಿದಾಗ ಮಾವ ಎರಡು ಬೆರಳೆತ್ತಿ ಅದಲುಬದಲು ಮಾಡಿ ನೋಡಿಕೊಂಡರು. ಆಮೇಲೆ ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ. "ಎರಡೇ ಗೋಡೆ ಕಣಮ್ಮಾ ವಸು! ಎರಡೇ ಗೋಡೆ!" ಅರ್ಚಕರು ಮಂತ್ರ ನಿಲ್ಲಿಸಿ ತಿರುಗಿ ನೋಡಿದರು. ಕ್ಯಾರಲ್ ನಗುತ್ತಿದ್ದರೋ ಅಳುತ್ತಿದ್ದರೋ, ಎರಡೂ ಮಾಡುತ್ತಿದ್ದರು. ಈಗಲೇ ಹೋಗೋಣ, ಡೇಲ್‌ಗೆ ಫೋನ್ ಮಾಡುತ್ತೇನೆ ಎಂದು ಆಕೆ ಬೂಟಿನ ಕಡೆ ಓಡಿದರೆ, ಮಾವ ಜಪ್ಪಯ್ಯ ಅನ್ನಲಿಲ್ಲ. "ಊಟ ಮಾಡ್ಕೊಂಡೇ ಹೋಗಾಣ. ನಿನ್ನೆಯಿಂದ ಏನೂ ತಿಂದಿಲ್ಲ ನಾನು" ಎಂದು ಪಂಕ್ತಿಯಲ್ಲಿ ಕೂತರು. ಅವರು ಪೊಂಗಲ್ಲನ್ನು ಮತ್ತೆ ಮತ್ತೆ ಹಾಕಿಸಿಕೊಂಡು ತಿನ್ನುವುದನ್ನು ಆಕೆ ಕಾರಿನ ಕೀಲಿ ಕೈಯಲ್ಲೇ ಹಿಡಿದುಕೊಂಡು ನೋಡಿದರು.

ಆ ಮಧ್ಯಾಹ್ನ ಪಾರ್ಕಿನಲ್ಲಿ ನಾವು ಐದೇ ಜನ. ಡೇಲ್ ಕ್ರೇನಿನಿಂದ ಪಕ್ಕದ ಗೋಡೆಯ ಬುಡದ ದಿಮ್ಮಿಯನ್ನು ಎತ್ತಿ, ಆ ಕಡೆಯಿಂದ ಈ ಕಡೆಗೆ ತಂದು ಮೆಲ್ಲಗೆ ಇಳಿಸಿದ. ಮರ ಮರದ ಮೇಲೆ ಧಪ್ ಎಂದು ಕೂತಿತು. ಡೇಲ್ ಬಗ್ಗಿ ಮೂಲೆಯಲ್ಲಿ ಉಗುರು ತೂರಿಸಲು ನೋಡಿದ. ಉಗುರು ಹೋಗಲಿಲ್ಲ. ಅಬ್ಬಾ! ಡೇಲ್ ಟೋಪಿ ತೆಗೆದು ಮಾವನ ಮುಂದೆ ಬಂದು ನಿಂತ, ಕೈ ಚಾಚಿದ. ಮಾವ ಕೈ ಕುಲುಕಿ, ಅದೇ ಕೈಯಿಂದ ಅವನನ್ನು ಆ ಮೂಲೆಯ ಪಕ್ಕ ನಿಲ್ಲಿಸಿ, ಗದ್ದ ಸ್ವಲ್ಪ ಇಳಿಸಲು ಸನ್ನೆ ಮಾಡಿ ಫೋಟೋ ತೆಗೆದರು. ಒಳ್ಳೆಯ ಫೋಟೋ.

ಗೋಡೆಗಳು ಎದೆಯೆತ್ತರ ಬರುವ ಹೊತ್ತಿಗೆ ಮಾವ ಊರಿಗೆ ಹೊರಟುಹೋದರು. ಮಳೆ ಬರುವುದರೊಳಗೆ ಉಳಿದದ್ದೂ ಎದ್ದಿತು. ಆಮೇಲೆ ಮಾಡು, ಅದರ ಮೇಲೆ ಸೀಳಿದ ಸೀಡರ್ ಹೆಂಚು, ಕೊನೆಗೆ ಬಾಗಿಲು. ಅವನ್ನೆಲ್ಲ ನಾನು ಮಾವನಿಗೆ ಫೋನಿನಲ್ಲಿ ಹೇಳಿದ್ದೆ. ಕ್ರಮೇಣ ನಮ್ಮ ಮಾತು ಬಿ.ಪಿ., ಕಣ್ಣಿನ ಆಪರೇಷನ್ನು, ಮೊಮ್ಮಕ್ಕಳ ಕಡೆ ತಿರುಗಿಕೊಂಡಿತು. ಮನೆಯ ವಿಷಯ ಮುಗಿಯಿತು ಎಂದೇ ನಾನು ತಿಳಿದಿದ್ದೆ.

ಇವತ್ತು ಬೇಲಿಯ ವಾಸನೆಗೆ ಸೀನಿ, ಸುಮ್ಮನೆ ಅವರಿಗೆ ಫೋನ್ ಮಾಡಿದೆ. ಕ್ಷೇಮ ಸಮಾಚಾರವೆಲ್ಲ ಆದಮೇಲೆ ಅವರೇ, "ಆ ಮನೆ ಐತಾ ಇನ್ನೂ?" ಎಂದರು. ಐತೆ ಅಂದೆ. "ನೋಡಕ್ಕಾಗ್ತದಾ?" ಎಂದರು. ಅಳಿಯಂದಿರು ಆಗಲ್ಲ ಅನ್ನುವುದುಂಟೇ? ಕಾರು ತೆಗೆದೆ. ಪಾರ್ಕಿನಲ್ಲಿ ಇಳಿದು ವೀಡಿಯೋ ಕಾಲ್ ಹಚ್ಚಿ, ಮನೆಯ ಸುತ್ತ ಫೋನು ಹಿಡಿದು ನಡೆದೆ. ಅವರು ಹಾಂ, ಹಾಂ ಎನ್ನುತ್ತಾ ನೋಡಿದರು. ಒಳಗೆ ಹೋದೆ. ಅವರ ಫೋಟೋಗಳು ಗೋಡೆಯ ಮೇಲೆ ಕಟ್ಟು ಹಾಕಿಸಿಕೊಂಡು ಕೂತಿದ್ದವು. ಅವುಗಳ ಕಡೆ ಫೋನು ತಿರುಗಿಸಿದೆ. ಅವರಿಗೆ ಅದು ಬೇಕಿರಲಿಲ್ಲ.

"ಬಾಗ್ಲು ಹಾಕಿ ನೋಡಿ ಅಳಿಯಂದ್ರೆ."

ಹಾಕಿದೆ. ಗೋಡೆ ಸ್ವಲ್ಪ ವಾಲಿದರೂ ಬಾಗಿಲು ಚೌಕಟ್ಟಿಗೆ ತಗುಲುತ್ತದಂತೆ, ಅದು ಅವರಿಗೆ ಯಾರೋ ಬಡಗಿಯಿಂದ ತಿಳಿದದ್ದು. ತಗುಲಲಿಲ್ಲ. ಅಗುಳಿ ತಾನಾಗಿ ಬಿತ್ತು.

"ಇನ್ನೊಂದ್ಸಲ ಹಾಕಿ."

ತೆಗೆದು, ಮತ್ತೆ ಹಾಕಿದೆ. ಫೋನಿನ ಪರದೆಯ ಮೇಲೆ ಅವರ ಹಣೆಯೊಂದೇ ಕಾಣುತ್ತಿತ್ತು. ಎಷ್ಟು ಸಲ ಹೇಳಿದರೂ ಈ ಫೋಟೋಗ್ರಾಫರಿಗೆ ವೀಡಿಯೋ ಕಾಲಿನಲ್ಲಿ ತಮ್ಮ ಮುಖ ಹಿಡಿಯುವುದು ಬರುವುದಿಲ್ಲ.

"ಕೂತ್ಕಂತು" ಎಂದರು ಕೊನೆಗೆ. "ಹಂಗಾದ್ರೆ ನಾನು ಸರಿಯಾಗೇ ತೆಗ್ದಿದ್ದೆ."

ಇಷ್ಟು ವರ್ಷ ಅವರಿಗೆ ಆ ಅನುಮಾನ ಉಳಿದಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಗೋಡೆ ಎದೆಯೆತ್ತರದಿಂದ ಮೇಲೇರಿದ್ದನ್ನು ಅವರು ಕಣ್ಣಾರೆ ಕಂಡಿರಲಿಲ್ಲವಲ್ಲ.

"ಸರಿಯಾಗೇ ತೆಗ್ದಿದ್ರಿ ಮಾವ" ಎಂದೆ.

"ಹೂಂ. ಬಾಗ್ಲು ತೆಗೀರಿ ಮತ್ತೆ. ಯಾರೋ ತಟ್ತಾವ್ರೆ" ಎಂದರು ಅವರು. ನಿಜ, ಹೊರಗೆ ಯಾರೋ ಒಳಕ್ಕೆ ಬರಲು ಕಾಯುತ್ತಿದ್ದರು. ನನಗೆ ಕೇಳಿಸಿರಲಿಲ್ಲ, ತಿಪಟೂರಿಗೆ ಕೇಳಿಸಿತ್ತು.